ಯಾರ ಮಾತು ಕೇಳಿ ವೋಟ್ ಹಾಕಿದ್ರಿ?

ಚುನಾವಣಾ ಸಮೀಕ್ಷೆಯ ಫೀಲ್ಡ್ ಕೆಲಸ ನನ್ನದು. ಮತದಾನ ಮುಗಿದ ಮೇಲೆ, ಎಣಿಕೆಗೆ ಮುಂಚೆ, ಊರೂರು ಸುತ್ತುತ್ತೇವೆ. ವೋಟರ್ ಲಿಸ್ಟ್‌ನಲ್ಲಿ ಇಂತಿಷ್ಟು ಹೆಸರಿಗೆ ಒಂದು ಅಂತ ಆರಿಸಿ ಕೊಟ್ಟಿರುತ್ತಾರೆ. ಆ ಹೆಸರಿನವರನ್ನೇ ಹುಡುಕಿ ಮಾತಾಡಿಸಬೇಕು. ಪಕ್ಕದ ಮನೆಯವರು ಎಷ್ಟೇ ಆಸೆಯಿಂದ ಬಂದು ಕೂತರೂ ಅವರನ್ನು ಕೇಳುವ ಹಾಗಿಲ್ಲ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ ಕಡೆ ನಾನು ಜಾಸ್ತಿ ಓಡಾಡಿದ್ದೇನೆ.

ನನ್ನ ಕೆಲಸ ಏನು ಅಂತ ಗೊತ್ತಾದ ತಕ್ಷಣ ಪರಿಚಯದವರು ಒಂದು ಪ್ರಶ್ನೆ ಕೇಳುತ್ತಾರೆ. ಜನ ಯೋಚನೆ ಮಾಡಿ ವೋಟ್ ಹಾಕ್ತಾರಾ, ಇಲ್ಲ ಯಾರೋ ಹೇಳಿದ್ದಕ್ಕೆ ಹಾಕ್ತಾರಾ? ಕೇಳುವವರು ಓದಿಕೊಂಡವರಾದರೆ ಉತ್ತರವೂ ಅವರ ಹತ್ತಿರವೇ ಇರುತ್ತದೆ. ನಾವು ಯೋಚಿಸಿ ಹಾಕುತ್ತೇವೆ, ಹಳ್ಳಿಯವರು ದುಡ್ಡಿಗೂ ಜಾತಿಗೂ ಹಾಕುತ್ತಾರೆ ಅಂತ. ಮನೆ ಮನೆ ಬಾಗಿಲಲ್ಲಿ ಕೂತು ಕೇಳಿಸಿಕೊಂಡ ನನಗೆ ವಿಷಯ ಹಾಗೆ ಕಂಡಿಲ್ಲ.

ಹೊಸದಾಗಿ ಫೀಲ್ಡ್‌ಗೆ ಬಂದ ಹುಡುಗರು "ಯಾಕೆ ಆ ಪಕ್ಷಕ್ಕೆ ಹಾಕಿದ್ರಿ?" ಅಂತ ನೇರವಾಗಿ ಕೇಳುತ್ತಾರೆ. ಹೆಚ್ಚಿನವರು "ಅಭಿವೃದ್ಧಿ" ಅನ್ನುತ್ತಾರೆ. ಗುರುತು ಪರಿಚಯ ಇಲ್ಲದವರ ಮುಂದೆ ಹೇಳಲು ಅದು ಮರ್ಯಾದೆಯ ಉತ್ತರ. ಹುಡುಗರು ಅದನ್ನೇ ಬರೆದುಕೊಂಡು ಎದ್ದುಬಿಡುತ್ತಾರೆ. ಅಲ್ಲಿ ಏಳಬಾರದು. "ಯಾವ ಅಭಿವೃದ್ಧಿ ಅಮ್ಮ, ಒಂದು ಹೇಳಿ" ಅಂದರೆ ನಿಜವಾದ ಮಾತು ಶುರುವಾಗುತ್ತದೆ. ಬಗರ್ ಹುಕುಂ ಅರ್ಜಿ ಎಷ್ಟು ವರ್ಷದಿಂದ ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿದೆ, ಕೆರೆಗೆ ಹೇಮಾವತಿ ನೀರು ಬಿಡಿಸಲು ಯಾರು ಓಡಾಡಿದರು, ಮನೆಯಲ್ಲಿ ಸಾವಾದಾಗ ಯಾರು ಬಂದು ನಿಂತರು, ಯಾರು ಫೋನ್ ಕೂಡ ಎತ್ತಲಿಲ್ಲ. ಇದೆಲ್ಲ ಲೆಕ್ಕ ಹಾಕಿಯೇ ಮಾಡಿದ ಆಯ್ಕೆ. ಪೇಪರ್‌ನಲ್ಲಿ ಬರುವ ಲೆಕ್ಕ ಅಲ್ಲ, ಅಷ್ಟೇ.

ಪ್ರಭಾವ ಇಲ್ಲವಾ? ಖಂಡಿತ ಇದೆ. ಮಧುಗಿರಿ ಹತ್ತಿರ ಒಬ್ಬ ಹೆಂಗಸು "ನಮ್ಮಣ್ಣ ಹೇಳಿದ್ದಕ್ಕೆ ಹಾಕ್ದೆ" ಅಂದರು. ನನ್ನ ಜೊತೆಗಿದ್ದ ಹುಡುಗಿ "ಇತರರ ಪ್ರಭಾವ" ಅನ್ನುವ ಕಡೆ ಟಿಕ್ ಹಾಕಿ ಪುಟ ತಿರುಗಿಸಿದಳು. ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಯಾವ ಅಣ್ಣ ಅಂತ. ಆಕೆಗೆ ಮೂವರು ಅಣ್ಣಂದಿರು. ಊರಲ್ಲೇ ಇರುವ ದೊಡ್ಡಣ್ಣ ಗುತ್ತಿಗೆದಾರರ ಹಿಂದೆ ಓಡಾಡುವವರು, ಅವರ ಮಾತು ಬೇಡ ಅಂದುಕೊಂಡರಂತೆ. ಎರಡನೆಯವರಿಗೆ ಇದರಲ್ಲಿ ಆಸಕ್ತಿ ಇಲ್ಲ. ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಕಿರಿಯ ಅಣ್ಣನನ್ನು ಫೋನ್ ಮಾಡಿ ಕೇಳಿದ್ದಾರೆ. "ಅವ್ನು ನಾಲ್ಕು ಕಡೆ ಮಾತು ಕೇಳ್ತಾನೆ ಕಣಮ್ಮ, ಅವನಿಗೆ ಯಾರಿಂದಾನೂ ಏನೂ ಆಗ್ಬೇಕಾಗಿಲ್ಲ" ಅಂದರು. ಯಾರ ಮಾತಿಗೆ ಬೆಲೆ ಕೊಡಬೇಕು ಅಂತ ತೂಗಿ ನೋಡಿದ ಮೇಲೆ ಕೇಳಿದ್ದಾರೆ. ಇದಕ್ಕಿಂತ ಚೆನ್ನಾಗಿ ಯೋಚನೆ ಮಾಡುವುದು ಹೇಗೆ? ನಾವೂ ಡಾಕ್ಟರ್ ಆರಿಸುವಾಗ ಹೀಗೇ ತಾನೆ ಮಾಡುವುದು?

1940ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅವರ ತಂಡ ಒಂದೇ ಗುಂಪಿನ ಜನರನ್ನು ಚುನಾವಣೆ ಮುಗಿಯುವವರೆಗೆ ಮತ್ತೆ ಮತ್ತೆ ಮಾತಾಡಿಸಿತ್ತು. ರೇಡಿಯೊ, ಪತ್ರಿಕೆಗಳ ಪ್ರಚಾರ ಎಷ್ಟು ಜನರ ಮನಸ್ಸು ತಿರುಗಿಸುತ್ತದೆ ಅಂತ ನೋಡಲು ಹೊರಟವರಿಗೆ, ಅದಕ್ಕಿಂತ ಹತ್ತಿರದವರ ಮಾತೇ ಜಾಸ್ತಿ ನಾಟುತ್ತದೆ ಅಂತ ಕಂಡಿತು. ಅಲ್ಲಿಯೂ ಅಣ್ಣ, ಅಕ್ಕ, ಜೊತೆ ಕೆಲಸದವರೇ. ಹಾಗಾಗಿ ಇದು ಹಳ್ಳಿಯ ಗುಣ, ಓದಿಲ್ಲದವರ ಗುಣ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಜನ ಲೆಕ್ಕ ಹಾಕಿಯೇ ವೋಟ್ ಹಾಕುತ್ತಾರೆ ಅನ್ನುವುದಕ್ಕೆ ಫಲಿತಾಂಶಗಳನ್ನೇ ನೋಡಿ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸದಾಗಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಅವರ ಜನತಾ ಪಕ್ಷಕ್ಕೆ 139 ಸೀಟು ಬಂತು. ನಡುವೆ ಇದ್ದದ್ದು ಮೂರೇ ತಿಂಗಳು. 2013ರಲ್ಲಿ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ 122 ಸೀಟು ಕೊಟ್ಟ ರಾಜ್ಯ ಮರುವರ್ಷ ಲೋಕಸಭೆಗೆ ಬಿಜೆಪಿಯಿಂದ 17 ಜನರನ್ನು ಕಳಿಸಿತು. 2023ರಲ್ಲಿ ಕಾಂಗ್ರೆಸ್‌ಗೆ 135, 2024ರಲ್ಲಿ ಮತ್ತೆ ಬಿಜೆಪಿಗೆ 17. ಆ ಸಲ ಬಿಜೆಪಿ, ಜೆಡಿಎಸ್ ಮೈತ್ರಿಯ ಲೆಕ್ಕವೂ ಸೇರಿತ್ತು ಅನ್ನಿ. ಒಡಿಶಾದಲ್ಲಂತೂ 2019ರಲ್ಲಿ ಒಂದೇ ಬೂತ್‌ನಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಮಿಷನ್ ಇಟ್ಟಿದ್ದರು. ವಿಧಾನಸಭೆಯಲ್ಲಿ ಅಲ್ಲಿನ ಪ್ರಾದೇಶಿಕ ಪಕ್ಷ ಬಿಜೆಡಿಗೆ (ಬಿಜು ಜನತಾ ದಳ) 112, ಬಿಜೆಪಿಗೆ 23. ಲೋಕಸಭೆಯ 21ರಲ್ಲಿ ಬಿಜೆಡಿಗೆ 12, ಬಿಜೆಪಿಗೆ 8. "ಅದು ಆ ಎಲೆಕ್ಷನ್ನು, ಇದು ಈ ಎಲೆಕ್ಷನ್ನು" ಅಂತ ಬಾಗಿಲಲ್ಲಿ ಕೇಳಿದ ಮಾತು ನನಗೆ ಈ ಅಂಕಿಗಳಲ್ಲಿ ಕಾಣುತ್ತದೆ.

ದುಡ್ಡಿನ ವಿಷಯವನ್ನು ಮುಚ್ಚಿಡುವುದಿಲ್ಲ. ಹಂಚುತ್ತಾರೆ, ಜನ ತಗೊಳ್ಳುತ್ತಾರೆ. "ಇಬ್ರೂ ಕೊಟ್ರು, ಇಬ್ರ ಹತ್ರಾನೂ ಈಸ್ಕೊಂಡ್ವಿ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಗೆ ಹೇಳುವವರು ತಮಗೆ ಬೇಕಾದವರಿಗೇ ಹಾಕಿರುತ್ತಾರೆ. ನನಗೆ ಸಂಕಟವಾಗುವುದು ಆಣೆ ಹಾಕಿಸಿಕೊಳ್ಳುವುದನ್ನು ಕೇಳಿದಾಗ. ಎಲೆ ಅಡಿಕೆ ಮೇಲೆ ನೋಟು ಇಟ್ಟು, ಮನೆದೇವರ ಹೆಸರು ಹೇಳಿಸಿ ಕೊಡುತ್ತಾರೆ. ಪಾವಗಡ ಕಡೆಯ ಒಬ್ಬ ಅಜ್ಜಿಗೆ ಇನ್ನೊಬ್ಬ ಅಭ್ಯರ್ಥಿ ಮೇಲೆ ಮನಸ್ಸಿತ್ತು. ಆತ ಪಿಂಚಣಿ ಮಾಡಿಸಿಕೊಟ್ಟಿದ್ದರಂತೆ. ಆದರೂ ಆಣೆ ಇಟ್ಟವರಿಗೇ ಹಾಕಿ ಬಂದಿದ್ದರು. "ದೇವ್ರು ನೋಡ್ತಾನಲ್ಲ ಮಗಾ" ಅಂದರು. ಆ ಅಜ್ಜಿಯನ್ನು ತಿಳಿವಳಿಕೆ ಇಲ್ಲದವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೊಟ್ಟ ಮಾತಿಗೆ ತಪ್ಪದ ಅವರ ಒಳ್ಳೆಯತನವನ್ನೇ ಹಿಡಿದು ಕಟ್ಟಿಹಾಕಿದವರ ಮೇಲೆ ಸಿಟ್ಟು ಬರುತ್ತದೆ.

ಇಲ್ಲಿಂದಲೇ ನನಗೆ ಕೆಲಸದ ದೊಡ್ಡ ಪಾಠ ಸಿಕ್ಕಿದ್ದು. ಪ್ರಭಾವ ಇತ್ತಾ ಅಂತ ಕೇಳುವುದಕ್ಕಿಂತ, ಆ ಮಾತನ್ನು ಬೇಡ ಅನ್ನುವ ದಾರಿ ಅವರಿಗೆ ಇತ್ತಾ ಅಂತ ನೋಡಬೇಕು. ಪೀಣ್ಯದ ಅಣ್ಣನ ಮಾತನ್ನು ತಂಗಿ ಬಿಡಬಹುದಿತ್ತು. ಬಿಟ್ಟರೆ ಅಣ್ಣನಿಗೆ ಗೊತ್ತಾಗುತ್ತಿರಲಿಲ್ಲ. ಅಜ್ಜಿಗೆ ಆ ದಾರಿ ಇರಲಿಲ್ಲ.

ನಮ್ಮ ಫೀಲ್ಡ್‌ನಲ್ಲೂ ಇದು ಕಣ್ಣಿಗೆ ಕಾಣುತ್ತದೆ. ಯಾರಿಗೆ ಹಾಕಿದ್ರಿ ಅಂತ ನಾವು ಬಾಯಿ ಬಿಟ್ಟು ಕೇಳುವುದಿಲ್ಲ. ಚಿಹ್ನೆಗಳಿರುವ ಡಮ್ಮಿ ಬ್ಯಾಲೆಟ್ ಕೊಡುತ್ತೇವೆ, ಅವರೇ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ. ಗಂಡ ಜಗಲಿ ಮೇಲೆ ಪಕ್ಕದಲ್ಲೇ ಕೂತಿದ್ದರೆ ಹೆಂಡತಿಯ ಕೈ ನಿಲ್ಲುತ್ತದೆ, ಅವರ ಮುಖ ನೋಡುತ್ತಾರೆ. ಆಗ ನಾನು "ಯಜಮಾನ್ರೇ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಅನ್ನುತ್ತೇನೆ. ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಗುರುತು ಬಿದ್ದು ಚೀಟಿ ಪೆಟ್ಟಿಗೆಯೊಳಗೆ ಇರುತ್ತದೆ. ತಂಡಕ್ಕೆ ಬರುವ ಹೊಸಬರಿಗೆ ಪ್ರಶ್ನೆಗಳಿಗಿಂತ ಮುಂಚೆ ಇದನ್ನು ಕಲಿಸುತ್ತೇನೆ.

ಇದಕ್ಕೆ ನಮ್ಮ ಕಡೆಯದೇ ಹಳೆಯ ಕಥೆ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ನೋಡಿ, ಊರ ದೊಡ್ಡವರ ಹಿಂದೆ ಅವರ ಆಶ್ರಯದಲ್ಲಿದ್ದವರ ವೋಟುಗಳು ಹೋಗುವುದನ್ನು 1955ರಲ್ಲಿ ಬರೆದರು. ವೋಟ್ ಬ್ಯಾಂಕ್ ಅನ್ನುವ ಮಾತು ಬಳಕೆಗೆ ಬಂದದ್ದು ಅಲ್ಲಿಂದ. ಬೇರೆಯವರ ಹೊಲ ಉಳುವವನು ಧಣಿಯ ಮಾತು ಮೀರುವುದು ಹೇಗೆ? ಊಟವೇ ಹೋಗುತ್ತದೆ. ದೇವರಾಜ ಅರಸು ಕಾಲದ 1974ರ ಭೂ ಸುಧಾರಣೆಯಿಂದ ಎಷ್ಟೋ ಗೇಣಿದಾರರಿಗೆ ಉಳುವ ನೆಲವೇ ಸಿಕ್ಕಿತು. ಧಣಿಯ ಹಂಗು ಸಡಿಲವಾಯಿತು. ಜನ ಒಂದೇ ಸಲಕ್ಕೆ ಬುದ್ಧಿವಂತರಾಗಲಿಲ್ಲ, ಅವರಿಗೆ ಬುದ್ಧಿ ಮುಂಚೆಯೂ ಇತ್ತು. ಅದನ್ನು ಬಳಸಿದರೆ ಆಗುವ ನಷ್ಟ ಕಡಿಮೆಯಾಯಿತು.

ಈಗ ಆ ಹಂಗು ಇನ್ನೊಂದು ದಾರಿಯಲ್ಲಿ ಬರುತ್ತಿದೆ. ಹಳ್ಳಿಗಳಲ್ಲಿ ಎಣಿಕೆ ಮುಗಿದ ಮೇಲೆ "ನಿಮ್ಮ ಬೂತಲ್ಲಿ ನಮಗೆ ಲೀಡ್ ಬರಲಿಲ್ಲ" ಅನ್ನುವ ಮಾತು ಕೇಳುತ್ತೀರಲ್ಲ? ಅದು ಊಹೆಯಲ್ಲ. ಮತಯಂತ್ರಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಬೂತ್‌ವಾರು ಅಂಕಿ ಫಾರ್ಮ್ 20 ಅನ್ನುವ ಅಧಿಕೃತ ಫಲಿತಾಂಶ ಪಟ್ಟಿಯಲ್ಲಿ ಬರುತ್ತದೆ. ಯಾರು ಬೇಕಾದರೂ ನೋಡಬಹುದು. ದೊಡ್ಡ ಪಟ್ಟಣದ ಬೂತ್‌ಗೆ ಇದರಿಂದ ಏನೂ ಆಗದು. ಒಂದೇ ಕಾಲೋನಿ, ಒಂದೇ ಹಟ್ಟಿಯ ಜನ ಇರುವ ಚಿಕ್ಕ ಬೂತ್ ಆದರೆ? ರಸ್ತೆ, ಬೋರ್‌ವೆಲ್ ಎಲ್ಲ ನಿಲ್ಲುತ್ತದೆ ಅನ್ನುವ ಭಯ ಜನರಿಗೆ ಮೊದಲೇ ಬರುತ್ತದೆ. ಒಬ್ಬೊಬ್ಬರ ವೋಟು ಗುಟ್ಟಾಗಿದ್ದರೂ ಹಟ್ಟಿಯ ವೋಟು ಗುಟ್ಟಾಗಿ ಉಳಿಯುವುದಿಲ್ಲ. ಹಟ್ಟಿಯಲ್ಲಿ ಕೂತಾಗ ನಮಗೆ ಸಿಗುವ ಉತ್ತರಗಳು ಎಲ್ಲ ಮನೆಯಲ್ಲೂ ಒಂದೇ ಥರ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಮತಪತ್ರದ ಕಾಲದಲ್ಲಿ ಬೇಕೆಂದ ಕಡೆ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸುವ ಅವಕಾಶ ಇತ್ತು. ಮತಯಂತ್ರಕ್ಕೂ ಅಂಥದ್ದೇ ಒಂದು ಉಪಾಯ ಇದೆ, ಟೋಟಲೈಸರ್. 14 ಬೂತ್‌ಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಲೆಕ್ಕ ಮಾತ್ರ ತೋರಿಸುತ್ತದೆ. ಚುನಾವಣಾ ಆಯೋಗ 2008ರಲ್ಲೇ ಇದನ್ನು ಕೇಳಿತು. ಕಾನೂನು ಆಯೋಗವೂ 2015ರ ವರದಿಯಲ್ಲಿ ಬೇಕು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್‌ವಾರು ಅಂಕಿ ಇದ್ದರೆ ಎಣಿಕೆಯಲ್ಲಿ ಮೋಸ ಹಿಡಿಯುವುದು ಸುಲಭ ಅನ್ನುವವರಿದ್ದಾರೆ, ಆ ಮಾತಲ್ಲೂ ತೂಕ ಇದೆ. ನನ್ನ ಕೆಲಸಕ್ಕೂ ಆ ಅಂಕಿ ಬೇಕಾಗುತ್ತದೆ, ನಮ್ಮ ಸ್ಯಾಂಪಲ್ ಸರಿಯಿತ್ತಾ ಅಂತ ತಾಳೆ ನೋಡುವುದು ಅದರಿಂದಲೇ. ಆದರೂ ಹಟ್ಟಿಗಳಲ್ಲಿ ಕೂತು ಬಂದ ಮೇಲೆ ನನ್ನ ಮತ ಟೋಟಲೈಸರ್ ಕಡೆಗೇ. ಎಲ್ಲ ಕಡೆ ಆಗದಿದ್ದರೆ, ಕೆಲವೇ ನೂರು ಮತದಾರರಿರುವ ಬೂತ್‌ಗಳಿಂದಾದರೂ ಶುರು ಮಾಡಲಿ.