ಪರ್ಸಿ ಜೋನ್ಸ್ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಫ್ರೆಟ್‌ಲೆಸ್ ಬೇಸ್ (ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿಲ್ಲದ ಬೇಸ್ ಗಿಟಾರ್) ಅಂದ ಕೂಡಲೇ ಎಲ್ಲರೂ ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಹೆಸರು ಹೇಳುತ್ತಾರೆ. ಸರಿ, ತಪ್ಪಿಲ್ಲ. ಆದರೆ ಜಾಕೋನ ಮೊದಲ ಆಲ್ಬಮ್ ಬಂದ 1976ರಲ್ಲೇ ಬ್ರಿಟನ್ನಿನ ಜಾಝ್-ರಾಕ್ ಬ್ಯಾಂಡ್ ಬ್ರ್ಯಾಂಡ್ ಎಕ್ಸ್‌ನ ಮೊದಲ ಆಲ್ಬಮ್ ಕೂಡ ಬಂತು. ಅದರಲ್ಲಿ ಬೇಸ್ ವೇಲ್ಸ್‌ನ ಪರ್ಸಿ ಜೋನ್ಸ್ ಅವರದು, ಡ್ರಮ್ಸ್ ಫಿಲ್ ಕಾಲಿನ್ಸ್ ಅವರದು (ಹೌದು, ಅದೇ ಹಾಡುಗಾರ).

2016ರಲ್ಲಿ ಬ್ಯಾಂಡ್ ಮತ್ತೆ ಒಂದಾದ ಮೇಲೆ ಪರ್ಸಿಯನ್ನು ಲೈವ್ ಆಗಿ ನೋಡಿದೆ. ಆ ಮನುಷ್ಯ ಸುಮ್ನೆ ನಿಂತಿರುತ್ತಾರೆ, ಮುಖದಲ್ಲಿ ಏನೂ ಇಲ್ಲ, ಬೆರಳು ಮಾತ್ರ ತಂತಿ ಮೇಲೆ ಜಾರುತ್ತಾ ಸ್ವರವನ್ನು ಎಳೆದು, ಬಾಗಿಸಿ, ನಡುವೆ ಹಾರ್ಮೋನಿಕ್ಸ್ (ತಂತಿಯನ್ನು ಹಗುರಾಗಿ ಮುಟ್ಟಿ ಹೊರಡಿಸುವ ಗಂಟೆಯಂಥ ಸ್ವರ) ಚಿಮ್ಮಿಸಿ, ಕಪ್ಪೆ ವಟಗುಟ್ಟಿದ ಹಾಗೆ ಏನೇನೋ ಶಬ್ದ ಹೊರಡಿಸುತ್ತದೆ. ಅಷ್ಟಾದರೂ ತಾಳ ಒಂದಿಷ್ಟೂ ಅಲುಗುವುದಿಲ್ಲ! ನನಗಂತೂ ಜಾಕೋಗಿಂತ ಇವರೇ ಜಾಸ್ತಿ ಇಷ್ಟ. ಬೈಯುವವರು ಬೈಯಲಿ.