ಗಡಿಯಾರ ಹೊತ್ತ ನೀರಿನ ಟ್ಯಾಂಕು: ಕ್ಲಿವ್ಡನ್ ಗೋಪುರ

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಥೇಮ್ಸ್ ನದಿಯ ಮೇಲಣ ದಿಬ್ಬದಲ್ಲಿರುವ ಕ್ಲಿವ್ಡನ್ ಬಂಗಲೆ 1795ರಲ್ಲಿ ಒಮ್ಮೆ, 1849ರಲ್ಲಿ ಮತ್ತೊಮ್ಮೆ ಸುಟ್ಟುಹೋಯಿತು. ಈಗಿರುವುದು ಸದರ್ಲೆಂಡ್ ಡ್ಯೂಕ್‌ಗಾಗಿ ಚಾರ್ಲ್ಸ್ ಬ್ಯಾರಿ 1851ರಲ್ಲಿ ಕಟ್ಟಿಕೊಟ್ಟ ಇಟಾಲಿಯನ್ ಶೈಲಿಯ ಮನೆ. ಬ್ಯಾರಿ 1860ರಲ್ಲಿ ತೀರಿಕೊಂಡರು. ಪಕ್ಕದ 100 ಅಡಿಯ ಗಡಿಯಾರ ಗೋಪುರವನ್ನು ಮರುವರ್ಷ ಸೇರಿಸಿದವರು ಹೆನ್ರಿ ಕ್ಲಟನ್.

ನಾಲ್ಕು ದಿಕ್ಕಿಗೂ ಗಡಿಯಾರ, ಅದರ ಸುತ್ತ ಚಿನ್ನದ ಲೇಪದ ಚೌಕಟ್ಟು, ಒಂದು ಬದಿಗೆ ಅರ್ಧ ತೆರೆದ ಮೆಟ್ಟಿಲು, ತುದಿಯಲ್ಲಿ ರೆಕ್ಕೆಯ ಪ್ರತಿಮೆ. ಇಷ್ಟೆಲ್ಲ ಅಲಂಕಾರದ ಒಳಗಿರುವುದು ನೀರಿನ ಟ್ಯಾಂಕು! ನಮ್ಮೂರಿನ ಓವರ್‌ಹೆಡ್ ಟ್ಯಾಂಕಿಗೆ ಪೇಟ ಸುತ್ತಿ ಮದುವೆಗೆ ಕಳಿಸಿದ ಹಾಗೆ.

ಮನೆಯೇ ದಿಬ್ಬದ ಮೇಲಿದ್ದರೆ ನೀರು ತಾನಾಗಿ ಹರಿದುಬರಲು ಇನ್ನೂ ಎತ್ತರದ ಜಾಗ ಬೇಕು. ಅದನ್ನು ಕಟ್ಟಿಯೇ ಪಡೆಯಬೇಕು. 10 ಮೀಟರ್ ಎತ್ತರಕ್ಕೆ ಸಿಗುವುದು ಪ್ಲಂಬರ್ ಲೆಕ್ಕದಲ್ಲಿ 1 ಕೆಜಿ ಪ್ರೆಶರ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ಟ್ಯಾಂಕು 20 ಮೀಟರ್ ಮೇಲಿದ್ದರೆ ನೆಲಮಟ್ಟದ ನಲ್ಲಿಗೆ 2 ಕೆಜಿ, 10 ಮೀಟರ್ ಎತ್ತರದ ಮಹಡಿಗೆ ಒಂದೇ ಕೆಜಿ. ಪೈಪಿನ ಘರ್ಷಣೆಗೆ ಅದರಲ್ಲೂ ಕಡಿತ. ಎರಡು ಸಲ ಬೆಂಕಿ ಕಂಡ ಮನೆಗೆ ಈ ಒತ್ತಡ ಶೋಕಿಯಲ್ಲ.

ಗೋಪುರ ಮುಖ್ಯ ಮನೆಗೆ ಅಂಟಿಕೊಂಡಿಲ್ಲ. ನನಗೆ ಇದೇ ಜಾಣತನ ಅನ್ನಿಸುತ್ತದೆ. ಒಂದು ಘನ ಮೀಟರ್ ನೀರಿಗೆ ಒಂದು ಟನ್ ಭಾರ. ಹಳೇ ಗೋಡೆ ಭಾರಕ್ಕೆ ನೆಲದಲ್ಲಿ ಕೂರುವಷ್ಟು ಕೂತು ಮುಗಿದಿರುತ್ತದೆ, ಹೊಸ ತಳಪಾಯ ಇನ್ನೂ ಕೂರುತ್ತಿರುತ್ತದೆ. ಎರಡನ್ನೂ ಕಲ್ಲುಹಲ್ಲು ಕೊಟ್ಟು, ಅಂದರೆ ಒಂದರ ಕಲ್ಲು ಇನ್ನೊಂದರೊಳಗೆ ಸೇರುವಂತೆ ಬೆಸೆದರೆ ಸಂದಿನಲ್ಲೇ ಬಿರುಕು.

ಹೊರಗಿನ ಗಿಲಾವು ರೋಮನ್ ಸಿಮೆಂಟಿನದು. ಹೆಸರಷ್ಟೇ ರೋಮನ್, ಪೇಟೆಂಟ್ 1796ರಲ್ಲಿ ಜೇಮ್ಸ್ ಪಾರ್ಕರ್ ಪಡೆದದ್ದು. ಜೇಡಿ ಬೆರೆತ ಸುಣ್ಣಗಲ್ಲಿನ ಉಂಡೆಗಳನ್ನು ಸುಟ್ಟು ಪುಡಿಮಾಡಿದ ಕಂದು ಸಿಮೆಂಟು. ನಿಮಿಷಗಳಲ್ಲೇ ಗಟ್ಟಿಯಾಗುವುದರಿಂದ ಒಂದೊಂದು ಬಾಂಡಲಿಯಷ್ಟೇ ಕಲಸಬೇಕು. ಬಿಗಿಯತೊಡಗಿದ ಮೇಲೆ ನೀರು ಹಾಕಿ ಮತ್ತೆ ಕಲಸಿದರೆ ಪುಡಿಯಾಗಿ ಉದುರುತ್ತದೆ. ಇಂಥ ಗಿಲಾವಿಗೆ ಉಸಿರಾಡದ ಪ್ಲಾಸ್ಟಿಕ್ ಪೇಂಟ್ ಬಳಿದರೆ ಕೂದಲೆಳೆಯ ಬಿರುಕಿನಿಂದ ಒಳಸೇರಿದ ಮಳೆನೀರು ಅಲ್ಲೇ ಉಳಿದು ಗಿಲಾವು ಗೋಡೆ ಬಿಡುತ್ತದೆ. ತಟ್ಟಿದರೆ ಟೊಳ್ಳು ಸದ್ದು.

ತುದಿಯ ಪ್ರತಿಮೆ ಪ್ಯಾರಿಸ್ಸಿನ ಬಾಸ್ಟೀಲ್ ಚೌಕದ ಕಂಬದ ಮೇಲಿನ, ಆಗಸ್ಟಿನ್ ದ್ಯೂಮೋ ರೂಪಿಸಿದ ಸ್ವಾತಂತ್ರ್ಯ ಪ್ರತಿಮೆಯ ಪ್ರತಿ. ಚಾಚಿದ ರೆಕ್ಕೆ, ಒಂಟಿ ಕಾಲಿನ ನಿಲುವು: ರೆಕ್ಕೆಗೆ ಬಡಿದ ಗಾಳಿಯ ಒತ್ತಡವೆಲ್ಲ ಒಂದೇ ಹಿಮ್ಮಡಿಯ ಗಂಟಿನ ಮೇಲೆ. ಮೊದಲಿನ ಪ್ರತಿ 1950ರ ದಶಕದ ಬಿರುಗಾಳಿಗೆ ಬಿತ್ತು, ರಿಪೇರಿಗೂ ಉಳಿಯಲಿಲ್ಲ. ಈಗ ನಿಂತಿರುವುದು ಹೊಸ ಕಂಚಿನ ಎರಕ, ಮೈತುಂಬ ಚಿನ್ನದ ರೇಕು.