ವಾಲ್ಯೂಮ್ ಜಾಸ್ತಿ ಮಾಡಿದಷ್ಟೂ ಬೀಪ್ ಮಾಯ

ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ಕಣ್ಣಮುಂದೆ ಬಂದದ್ದು ಒಂದು ಮರದ ಪಟ್ಟಿ. ಉದ್ದ 60 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಅದರ ಮೇಲೆ ಸಾಲಾಗಿ 8 ಮೈಕುಗಳು, ಒಂದರಿಂದ ಇನ್ನೊಂದಕ್ಕೆ ಎಂಟೂವರೆ ಸೆಂಟಿಮೀಟರ್. ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ನನಗೆ ಈಗಲೂ ಆ ಪಟ್ಟಿಯೇ.

ಎಂಟೂವರೆಗೆ ಕಾರಣ ಇತ್ತು. ನಾವು ಆರಿಸಿಕೊಂಡಿದ್ದು 2000 ಹರ್ಟ್ಸ್ ಆಸುಪಾಸಿನ ಶಬ್ದ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಒಂದು ಅಲೆಯ ಉದ್ದ 17 ಸೆಂಟಿಮೀಟರಿನಷ್ಟು. ಮೈಕುಗಳ ನಡುವೆ ಅದರ ಅರ್ಧಕ್ಕಿಂತ ಜಾಸ್ತಿ ಜಾಗ ಬಿಟ್ಟರೆ ಒಂದು ದಿಕ್ಕಿನ ಶಬ್ದಕ್ಕೂ ಇನ್ನೊಂದು ದಿಕ್ಕಿನ ಶಬ್ದಕ್ಕೂ ವ್ಯತ್ಯಾಸ ತಿಳಿಯದೇ ಹೋಗಬಹುದು.

ಕೆಲಸ ಹೇಳುವುದಕ್ಕೆ ಸುಲಭ. ಎದುರಿಗೆ ಒಂದು ಸ್ಪೀಕರ್, ಅದರಲ್ಲಿ ಮೋರ್ಸ್ ಕೋಡಿನ ಬೀಪ್. ಪಕ್ಕಕ್ಕೆ ಇನ್ನೊಂದು, ಅದರಲ್ಲಿ ಅದೇ 2000 ಹರ್ಟ್ಸ್ ಸುತ್ತಲಿನ ಗದ್ದಲ, ಬೀಪಿಗಿಂತ ಎಷ್ಟೋ ಜೋರು. ಫಿಲ್ಟರ್ ಹಾಕೋಣ ಅಂದರೆ ಎರಡೂ ಒಂದೇ ಫ್ರೀಕ್ವೆನ್ಸಿ. ಬೇರೆ ಇರುವುದು ದಿಕ್ಕು ಒಂದೇ. ಎಂಟೂ ಮೈಕುಗಳ ಸಿಗ್ನಲ್ಲಿಗೆ ಒಂದೊಂದು ವೆಯ್ಟ್, ಅಂದರೆ ಗುಣಿಸುವ ಸಂಖ್ಯೆ, ಕೊಟ್ಟು ಕೂಡಿಸಬೇಕು. ಬೀಪ್ ಉಳಿಯಬೇಕು, ಗದ್ದಲ ಹೋಗಬೇಕು.

ಮೊದಲ ಡೆಮೊ ಟೆರೇಸಿನ ಮೇಲೆ. ಯಾವ ಮೈಕಿಗೆ ಎಷ್ಟು ವೆಯ್ಟ್ ಅಂತ ಲೆಕ್ಕ ಹಾಕುವ ಆಪ್ಟಿಮಮ್ ಕೋಡ್ ಇನ್ನೂ ಬರೆದಿರಲಿಲ್ಲ. ಎದುರಿನ ಬೀಪ್ ಎಂಟೂ ಮೈಕಿಗೆ ಒಟ್ಟಿಗೆ ತಲುಪುತ್ತದೆ, ಹಾಗಾಗಿ ಸುಮ್ನೆ ಕೂಡಿಸಿ ಎಂಟರಿಂದ ಭಾಗಿಸಿದ್ದೆವು, ಅಷ್ಟೇ. ಹೆಡ್‌ಫೋನಿನಲ್ಲಿ ಬೀಪ್ ಸ್ಪಷ್ಟ, ಗದ್ದಲ ಇಲ್ಲವೇ ಇಲ್ಲ ಅನ್ನುವಷ್ಟು. ನಾನು ಉಬ್ಬಿಹೋದೆ. "ಇಷ್ಟೇ ಸಾಕಲ್ವಾ ಮೇಡಂ? ಆಪ್ಟಿಮಮ್ ಯಾಕೆ?" ಅಂದೆ.

ನಮ್ಮ ಗೈಡ್ ಮೇಡಂ ಹೆಡ್‌ಫೋನ್ ಮುಟ್ಟಲೂ ಇಲ್ಲ. ಸ್ಪೀಕರ್ ಇಟ್ಟ ಜಾಗ ನೋಡಿದರು. "30 ಡಿಗ್ರಿ ಅಲ್ವೇನಪ್ಪಾ ಅದು?" ಅನ್ನುತ್ತಾ ಅದನ್ನು ಕಾಲಲ್ಲೇ ಒಂದಿಷ್ಟು ಒಳಕ್ಕೆ ತಳ್ಳಿದರು, ನೇರ ಎದುರಿನಿಂದ 22 ಡಿಗ್ರಿ ಹತ್ತಿರ. "ಈಗ ರೆಕಾರ್ಡ್ ಮಾಡಿ." ಕೇಳಿದರೆ ಬೀಪ್ ಹುಡುಕಬೇಕು, ಗದ್ದಲವೇ ಗದ್ದಲ.

ಆಗಿದ್ದು ಇಷ್ಟು. ಅರ್ಧ ಅಲೆಯ ಅಂತರದ 8 ಮೈಕುಗಳನ್ನು ಬರೀ ಕೂಡಿಸಿದರೆ ಹದಿನಾಲ್ಕೂವರೆ, 30, ಮತ್ತೆ ನಲವತ್ತೆಂಟೂವರೆ ಡಿಗ್ರಿ ಸುಮಾರಿಗೆ ತಾನಾಗಿಯೇ ನಲ್ ಬೀಳುತ್ತದೆ, ಅಂದರೆ ಆ ದಿಕ್ಕಿನ ಶಬ್ದ ಕೂಡಿಸುವಾಗಲೇ ಅಳಿಸಿಹೋಗುತ್ತದೆ. ನಾವು ತಿಳಿಯದೆ ಸ್ಪೀಕರನ್ನು ಸರಿಯಾಗಿ ಅಂಥ ಗುಂಡಿಯಲ್ಲೇ ಇಟ್ಟಿದ್ದೆವು. 22 ಡಿಗ್ರಿಯಲ್ಲಿ ಇರುವುದು ಮೊದಲ ಸೈಡ್‌ಲೋಬಿನ, ಅಂದರೆ ಎರಡು ಗುಂಡಿಗಳ ನಡುವಿನ ದಿಬ್ಬದ, ತುದಿ. ಅಲ್ಲಿಂದ ಬರುವ ಶಬ್ದ ಬರೀ 13 ಡೆಸಿಬಲ್ ತಗ್ಗುತ್ತದೆ. ಗದ್ದಲ ಅಷ್ಟು ಜೋರಿದ್ದರೆ ಅದು ಯಾವ ಮೂಲೆಗೂ ಸಾಲದು.

ಆಮೇಲೆ ಕೂತು ಆಪ್ಟಿಮಮ್ ವೆಯ್ಟ್ ಲೆಕ್ಕ ಹಾಕುವ ಕೇಪನ್ ವಿಧಾನ ಓದಿದೆವು. 1969ರಲ್ಲಿ ಕೇಪನ್ ಎಂಬ ಸಂಶೋಧಕ ಇದನ್ನು ಬರೆದಿದ್ದು ಮೈಕಿಗಾಗಿ ಅಲ್ಲ, ನೆಲದ ಕಂಪನಕ್ಕಾಗಿ. ಅಮೆರಿಕದ ಮೊಂಟಾನದಲ್ಲಿ ಸುಮಾರು 200 ಕಿಲೋಮೀಟರ್ ಅಗಲಕ್ಕೆ 525 ಸೀಸ್ಮೋಮೀಟರ್ ಹೂತಿಟ್ಟಿದ್ದರು. ದೂರದಲ್ಲಿ ನಡೆದದ್ದು ಭೂಕಂಪವೋ ಅಣುಸ್ಫೋಟವೋ ತಿಳಿಯುವುದಕ್ಕೆ. ನಮ್ಮ ಎಂಟು ಮೈಕಿಗೂ ಅದೇ ಲೆಕ್ಕ ಅಂತ ಗೊತ್ತಾದಾಗ ಮರದ ಪಟ್ಟಿಯ ಮೇಲೆ ಸ್ವಲ್ಪ ಗೌರವ ಬಂತು.

ಲೆಕ್ಕದ ತಿರುಳು ಚೆನ್ನಾಗಿದೆ. ಎದುರಿನಿಂದ ಬಂದದ್ದನ್ನು ಹಾಗೇ ಬಿಡು. ಆ ಒಂದು ಷರತ್ತು ಮುರಿಯದೆ ಔಟ್‌ಪುಟ್ ಪವರನ್ನು ಎಷ್ಟು ಆಗುತ್ತೋ ಅಷ್ಟು ಇಳಿಸು. ಗದ್ದಲ ಎಲ್ಲಿಂದ ಬರುತ್ತಿದೆ ಅಂತ ನಾವು ಹೇಳಬೇಕಿಲ್ಲ. ಮೈಕುಗಳ ರೆಕಾರ್ಡಿಂಗಿನಿಂದ, ಯಾವ ಎರಡು ಮೈಕಿನ ಸಿಗ್ನಲ್ ಎಷ್ಟು ಹೊಂದುತ್ತದೆ ಅಂತ ತೋರಿಸುವ 8ಕ್ಕೆ 8ರ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಮಾಡಿ ಅದರ ಇನ್ವರ್ಸ್ ತೆಗೆದರೆ ಅದೇ ಹುಡುಕಿಕೊಂಡು ಅಲ್ಲಿ ನಲ್ ಹಾಕುತ್ತದೆ. 8 ವೆಯ್ಟುಗಳಲ್ಲಿ ಒಂದು ಷರತ್ತಿಗೆ ಖರ್ಚಾದರೆ, ಉಳಿದ 7ರಲ್ಲಿ ಏಳು ಕಡೆಯ ಗದ್ದಲ ಮುಚ್ಚಬಹುದು. ಕಂಪ್ಯೂಟರಿನೊಳಗೆ ಎಲ್ಲಾ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು.

ಟೆರೇಸಿನ ಮೇಲೆ ಓಡಿಸಿದೆವು. ಗದ್ದಲ ಪೂರ್ತಿ ಹೋಯಿತು. ಬೀಪೂ ಹೋಯಿತು.

ಮೊದಲು ವೈರ್ ಲೂಸ್ ಅಂದುಕೊಂಡೆವು. ಅಲ್ಲ. ನನ್ನ ಜೊತೆಗಾರ ಬೀಪಿನ ವಾಲ್ಯೂಮ್ ಏರಿಸಿದ. ಬರಿಗಿವಿಗೇ ಟೀ ಟೀ ಅಂತ ಕೇಳುತ್ತಿದೆ. ರೆಕಾರ್ಡ್ ಮಾಡಿ, ಕೋಡ್ ಓಡಿಸಿ, ಹೆಡ್‌ಫೋನ್ ಹಾಕಿಕೊಂಡರೆ ಮೊದಲಿಗಿಂತ ಕಡಿಮೆ. ಇನ್ನೂ ಏರಿಸಿದ. ಇನ್ನೂ ಕಡಿಮೆ. ತಮಾಷೆಗೆ ಇಳಿಸಿ ನೋಡಿದರೆ ಬೀಪ್ ಮೆಲ್ಲಗೆ ಮೇಲೆ ಬಂತು. "ದೆವ್ವ ಹಿಡಿದಿದೆ ಕಣೋ ಇದಕ್ಕೆ" ಅಂದ. ಒಂದು ವಾರ ಕೋಡಿನಲ್ಲಿ ತಪ್ಪು ಹುಡುಕಿದೆವು. ಕೋಡಿನಲ್ಲಿ ತಪ್ಪೇ ಇರಲಿಲ್ಲ.

ಮೇಡಂ ಬಂದು ಒಂದು ದೊಡ್ಡ ಕೋನಮಾಪಕ ಇಟ್ಟು ನೋಡಿದರು. ಪಟ್ಟಿಯ ಒಂದು ತುದಿ 3 ಸೆಂಟಿಮೀಟರಿನಷ್ಟು ಹಿಂದೆ ಸರಿದಿತ್ತು. ಅಂದರೆ ಬೀಪ್ ಬರುತ್ತಿದ್ದದ್ದು 0 ಡಿಗ್ರಿಯಿಂದ ಅಲ್ಲ, 3ರಿಂದ. "ಸೊನ್ನೆ ಬಿಟ್ಟು ಮಿಕ್ಕಿದ್ದೆಲ್ಲಾ ಅಳಿಸು ಅಂದವರು ನೀವೇ ತಾನೇ? ಪಾಪ, ಅದು ಅಳಿಸಿದೆ. 3 ಡಿಗ್ರಿಯಲ್ಲಿರೋದು ನಿಮ್ಮ ಬೀಪ್ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?" ಜೋರಾಗಿ ಕೂಗಿದಷ್ಟೂ ಅದು ದೊಡ್ಡ ಶತ್ರುವಾಗಿ ಕಾಣುತ್ತದೆ, ಅಷ್ಟೂ ಚೆನ್ನಾಗಿ ಅಳಿಸುತ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಸುಮ್ಮನೆ ಕೂಡಿಸುವ ದಡ್ಡ ವಿಧಾನಕ್ಕೆ 3 ಡಿಗ್ರಿ ಒಂದು ಲೆಕ್ಕವೇ ಅಲ್ಲ. ಈ ಜಾಣನಿಗೆ ಮಾತ್ರ ತಾಳಿಕೊಳ್ಳುವುದಕ್ಕೆ ಆಗಲ್ಲ.

ಪಟ್ಟಿ ನೇರ ಮಾಡಿದರೂ ಪೂರ್ತಿ ಸರಿಹೋಗಲಿಲ್ಲ. ಮೈಕುಗಳು ಒಂದೊಂದೂ ಒಂದೊಂದು ಥರ ಕೇಳುತ್ತವಲ್ಲ. ಅದೂ ಅಲ್ಲದೆ, ಮ್ಯಾಟ್ರಿಕ್ಸ್ ಮಾಡುವುದಕ್ಕೆ 8 ಮೈಕಿಗೆ 16 ಸ್ಯಾಂಪಲ್, ಅಂದರೆ 16 ಕ್ಷಣದ ಅಳತೆ, ಸಾಕು ಅಂತ 1974ರ ಒಂದು ಪೇಪರ್ ಓದಿ ನಂಬಿಕೊಂಡಿದ್ದೆ. ಮೈಕುಗಳ ಎರಡು ಪಟ್ಟು ಸ್ಯಾಂಪಲ್ ಇದ್ದರೆ ಸರಾಸರಿ ನಷ್ಟ 3 ಡೆಸಿಬಲ್ ಅಷ್ಟೇ ಅನ್ನುವ ಹೆಸರಾಂತ ಲೆಕ್ಕ ಅದು. ಆ ಸ್ಯಾಂಪಲ್ಲಿನಲ್ಲಿ ನಮಗೆ ಬೇಕಾದ ಸಿಗ್ನಲ್ ಇರಬಾರದು ಅನ್ನುವುದನ್ನು ನಾನು ಓದದೇ ದಾಟಿದ್ದೆ. ಮೋರ್ಸ್ ಬೀಪುಗಳ ನಡುವೆ ಬೇಕಾದಷ್ಟು ಗ್ಯಾಪ್ ಇತ್ತು. ಮ್ಯಾಟ್ರಿಕ್ಸನ್ನು ಬರೀ ಆ ಗ್ಯಾಪುಗಳಿಂದ ಮಾಡಿದಾಗ ದೆವ್ವ ಬಿಟ್ಟಿತು. ಮ್ಯಾಟ್ರಿಕ್ಸಿನ ಡಯಾಗನಲ್ಲಿಗೆ ಒಂದು ಸಣ್ಣ ಸಂಖ್ಯೆ ಸೇರಿಸುವ ಉಪಾಯವನ್ನೂ ಮೇಡಂ ಹೇಳಿಕೊಟ್ಟರು. ಬೇಕಂತಲೇ ಸ್ವಲ್ಪ ಸುಳ್ಳು ನಾಯ್ಸ್ ಬೆರೆಸಿದ ಹಾಗೆ. ಜಾಸ್ತಿ ಸೇರಿಸಿದರೆ ಮತ್ತೆ ಹಳೆಯ ಸುಮ್ನೆ ಕೂಡಿಸುವುದಕ್ಕೇ ವಾಪಸ್. ಎಷ್ಟು ಹಾಕಬೇಕು ಅಂತ ಮೂರು ಸಂಜೆ ಕೂತು ಕೈಯಲ್ಲೇ ತಿರುಗಿಸಿ ನೋಡಿದ್ದೇವೆ.

ವೈವಾ ಲ್ಯಾಬಿನೊಳಗೆ ಆಯಿತು. ಹೊರಗಿನಿಂದ ಬಂದ ಎಕ್ಸಾಮಿನರ್ ಎಲ್ಲಾ ಕೇಳಿ, "ಬೀಪ್ ನಿಲ್ಲದೇ ಬರ್ತಿದ್ದರೆ ಗ್ಯಾಪ್ ಎಲ್ಲಿ ತರ್ತೀರಿ?" ಅಂದರು. ನಿಲ್ಲದ ಬೀಪ್ ಹಾಕಿದೆವು. ಮಾಯ. ಪಟ್ಟಿ ಕೂದಲೆಳೆಯಷ್ಟೂ ವಾರೆ ಇಲ್ಲ ಅಂತ ಮೇಡಂ ಕೋನಮಾಪಕದ ಸಾಕ್ಷಿ ಇತ್ತು. ಈ ಸಲದ ಕಳ್ಳ ಗೋಡೆ. ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಅದೇ ಬೀಪಿನ ನಕಲು. ನೇರ ಬಂದದ್ದಕ್ಕೆ ನಕಲನ್ನು ಉಲ್ಟಾ ಕೂಡಿಸಿದರೆ ಷರತ್ತೂ ಮುರಿಯಲ್ಲ, ಔಟ್‌ಪುಟ್ಟೂ ಸೊನ್ನೆ. ಮೈಕುಗಳನ್ನು ಒಂದರ ಮೇಲೊಂದು ಹಾಯುವ ಹಾಗೆ (1ರಿಂದ 5, 2ರಿಂದ 6, ಹೀಗೆ) ಐದೈದರ ನಾಲ್ಕು ಗುಂಪು ಮಾಡಿ, ನಾಲ್ಕು ಮ್ಯಾಟ್ರಿಕ್ಸಿನ ಸರಾಸರಿ ತೆಗೆದರೆ ಆ ನಂಟು ಸಡಿಲವಾಗುತ್ತದೆ ಅಂತ ನಾನು ಓದಿದ್ದು ಎರಡು ವರ್ಷ ಆದ ಮೇಲೆ. ಆವತ್ತು ಹೇಳಿದ್ದು "ಗೊತ್ತಿಲ್ಲ ಸಾರ್" ಅಂತ.

ಆ ಪಟ್ಟಿ ಲ್ಯಾಬಿನ ಬೀರುವಿನಲ್ಲಿ ಇನ್ನೂ ಇದ್ದರೆ, ಈಗಿನ ಹುಡುಗ ಹುಡುಗಿಯರು ಯಾರಾದರೂ ತೆಗೆದರೆ, ಒಂದು ವಿಷಯ. ಎಡದಿಂದ ಐದನೇ ಮೈಕಿನ ಆಂಪ್ಲಿಫಯರ್ ಕಟ್ಟಿದ್ದು ನಾನು. ಅದರಲ್ಲಿ ಸಿಗ್ನಲ್ ತಲೆಕೆಳಗಾಗಿ ಬರುತ್ತದೆ. ಕೋಡಿನಲ್ಲಿ ಒಂದು ಮೈನಸ್ ಹಾಕಿ ಮುಚ್ಚಿಟ್ಟಿದ್ದೆ, ಮೇಡಂಗೆ ಹೇಳಿರಲಿಲ್ಲ.